ಚಂದಾಪುರದಿಂದ ಬಿಳೇಕಹಳ್ಳಿಗೆ: ಎಂಬಿಎ ಪ್ರವೇಶದ ಪ್ರಬಂಧ, ಸಂದರ್ಶನಕ್ಕೆ ಸಿದ್ಧತೆ

ಬೆಂಗಳೂರು-ಹೊಸೂರು ಹೆದ್ದಾರಿಯ ಇಕ್ಕೆಲಗಳಲ್ಲಿ ದುಡಿಯುವ ಯುವ ಎಂಜಿನಿಯರುಗಳಿಗೆ ಎಂಬಿಎ ಕನಸು ಹೊಸತಲ್ಲ. ಎಲೆಕ್ಟ್ರಾನಿಕ್ ಸಿಟಿಯ ಸಾಫ್ಟ್‌ವೇರ್ ಕಚೇರಿಗಳಲ್ಲಿ, ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಗಳ ಕಾರ್ಖಾನೆಗಳಲ್ಲಿ ಮೂರು ನಾಲ್ಕು ವರ್ಷ ದುಡಿದು, ಚಂದಾಪುರದ ಬಾಡಿಗೆ ಮನೆಗಳಲ್ಲಿ ರಾತ್ರಿ ಹೊತ್ತು ಓದಿಕೊಂಡು ಕ್ಯಾಟ್ ಅಥವಾ ಜಿಮ್ಯಾಟ್ ಬರೆಯುವವರು ಪ್ರತಿ ವರ್ಷವೂ ಇದ್ದಾರೆ. ಲೆಕ್ಕ, ತರ್ಕಗಳಲ್ಲಿ ಅಂಕ ಗಳಿಸುವ ವಿದ್ಯೆ ಇವರಿಗೆ ಚೆನ್ನಾಗಿ ಕರಗತವಾಗಿದೆ. ಎಡವುವುದು ಅದರ ಮೇಲಿನ ಎರಡು ಮೆಟ್ಟಿಲುಗಳಲ್ಲಿ. ಒಂದು ಪ್ರವೇಶ ಪ್ರಬಂಧ, ಇನ್ನೊಂದು ಸಂದರ್ಶನ.

ಇಂಗ್ಲಿಷ್ ಸಾಲದು, ಆದ್ದರಿಂದಲೇ ಸೀಟು ತಪ್ಪಿತು ಎಂಬುದು ಇವರಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು. ಅದು ಅರ್ಧ ಸತ್ಯ ಮಾತ್ರ. ತಾನು ಮಾಡಿದ ಕೆಲಸ, ತಾನಿರುವ ಊರು, ತಾನು ಕಂಡ ಜನ, ಇವೆಲ್ಲ ದೊಡ್ಡ ಶಾಲೆಯ ಮುಂದೆ ಹೇಳಿಕೊಳ್ಳುವಂಥದ್ದಲ್ಲ ಎಂದು ಭಾವಿಸಿ, ಅವುಗಳ ಮೇಲೆ ಎರವಲು ಮಾತುಗಳ ಹೊದಿಕೆ ಹೊದಿಸುವುದೇ ನಿಜವಾದ ಕಾರಣ. ಆಯ್ಕೆ ಸಮಿತಿಯವರು ಹುಡುಕುವುದು ಆ ಹೊದಿಕೆಯ ಕೆಳಗಿರುವುದನ್ನೇ ಎಂಬುದು ಇಲ್ಲಿನ ವಿಪರ್ಯಾಸ.

ಯಾರಿಗೆ ಬೇಕು, ಯಾರಿಗೆ ಬೇಡ?

ಎಲ್ಲ ಎಂಬಿಎ ಪ್ರವೇಶಕ್ಕೂ ಪ್ರಬಂಧ ಬೇಕಿಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಪಿಜಿಸಿಇಟಿ ಮೂಲಕ ಸೀಟು ಪಡೆಯುವವರಿಗೆ ರ‍್ಯಾಂಕ್ ಹಾಗೂ ಸೀಟು ಹಂಚಿಕೆ ಇಷ್ಟೇ. ಐಐಎಂಗಳ ದಾರಿ ಬೇರೆ. ನವೆಂಬರ್ ಕೊನೆಯ ಹೊತ್ತಿಗೆ ಕ್ಯಾಟ್ ನಡೆಯುತ್ತದೆ. ಫಲಿತಾಂಶದ ಬಳಿಕ, ಹೊಸ ವರ್ಷದ ಮೊದಲ ತಿಂಗಳುಗಳಲ್ಲಿ ಆಯ್ದವರನ್ನು ಸಂದರ್ಶನಕ್ಕೆ ಕರೆಯುತ್ತಾರೆ. ಹಿಂದೆ ಇದರೊಂದಿಗೆ ಗುಂಪು ಚರ್ಚೆ ಇರುತ್ತಿತ್ತು. 2010ರ ದಶಕದ ಆರಂಭದಲ್ಲಿ ಅನೇಕ ಐಐಎಂಗಳು ಅದನ್ನು ಕೈಬಿಟ್ಟು, ಕೊಟ್ಟ ವಿಷಯದ ಮೇಲೆ ಅಲ್ಲೇ ಕುಳಿತು ಬರೆಯುವ ಲಿಖಿತ ಸಾಮರ್ಥ್ಯ ಪರೀಕ್ಷೆಯನ್ನು ತಂದವು. 1973ರಲ್ಲಿ ಸ್ಥಾಪನೆಯಾದ, ಬನ್ನೇರುಘಟ್ಟ ರಸ್ತೆಯ ಬಿಳೇಕಹಳ್ಳಿಯಲ್ಲಿರುವ ಐಐಎಂ ಬೆಂಗಳೂರು ಕ್ಯಾಟ್ ಅಂಕದ ಜೊತೆಗೆ ಹತ್ತನೇ ತರಗತಿ, ಹನ್ನೆರಡನೇ ತರಗತಿ, ಪದವಿ ಅಂಕಗಳಿಗೂ ದುಡಿಮೆಯ ಅನುಭವಕ್ಕೂ ತೂಕ ನೀಡುತ್ತದೆ. ಯಾವುದಕ್ಕೆ ಎಷ್ಟು ತೂಕ ಎಂಬುದನ್ನು ಸಂಸ್ಥೆ ತನ್ನ ಜಾಲತಾಣದಲ್ಲಿಯೇ ಪ್ರಕಟಿಸುತ್ತದೆ. ಕೋಚಿಂಗ್ ಕೇಂದ್ರದ ಕರಪತ್ರಕ್ಕಿಂತ ಅದನ್ನು ಓದುವುದು ಲೇಸು.

ಕೆಲಸ ಬಿಡಲಾರದವರಿಗೆ ಇದೇ ಸಂಸ್ಥೆಯಲ್ಲಿ ವಾರಾಂತ್ಯದ ಎರಡು ವರ್ಷಗಳ ಪಿಜಿಪಿಇಎಂ ಇದೆ. 1990ರ ದಶಕದ ಕೊನೆಯಲ್ಲಿ ಸಾಫ್ಟ್‌ವೇರ್ ಉದ್ಯೋಗಿಗಳಿಗೆಂದೇ ಹುಟ್ಟಿದ ಕೋರ್ಸು ಮುಂದೆ ಈ ರೂಪ ತಾಳಿ, ಕಾರ್ಖಾನೆಯವರಿಗೂ ಇತರರಿಗೂ ಬಾಗಿಲು ತೆರೆಯಿತು. ಆನೇಕಲ್ ತಾಲ್ಲೂಕಿನವರಿಗೆ ಇನ್ನೊಂದು ಮಾತು. ಸಂಸ್ಥೆಯ ಎರಡನೇ ಆವರಣಕ್ಕೆ ಜಾಗ ಸಿಕ್ಕಿರುವುದು ಜಿಗಣಿ ಹೋಬಳಿಯ ಮಹಂತಲಿಂಗಪುರದಲ್ಲಿ.

ಪ್ರಬಂಧದ ಭಾರ ಹೆಚ್ಚಾಗಿ ಬೀಳುವುದು ಹೈದರಾಬಾದಿನಲ್ಲಿ 2001ರಲ್ಲಿ ಆರಂಭವಾದ ಐಎಸ್‌ಬಿಯಂಥ ಶಾಲೆಗಳಲ್ಲಿ ಹಾಗೂ ವಿದೇಶೀ ಶಾಲೆಗಳಲ್ಲಿ. ಇಲ್ಲಿ ಅರ್ಜಿಯ ಜೊತೆಗೇ ಮನೆಯಲ್ಲಿ ಕುಳಿತು ಬರೆದ ಪ್ರಬಂಧಗಳನ್ನು ಕಳುಹಿಸಬೇಕು. ನಿಮಗೆ ಎಲ್ಲಕ್ಕಿಂತ ಮುಖ್ಯವಾದುದು ಯಾವುದು, ಏಕೆ ಎಂಬ ಸ್ಟ್ಯಾನ್‌ಫರ್ಡ್‌ನ ಪ್ರಶ್ನೆ ಜಗತ್ಪ್ರಸಿದ್ಧ. ಹಾರ್ವರ್ಡ್ 2024ರಲ್ಲಿ ತನ್ನ ಒಂದೇ ದೀರ್ಘ ಪ್ರಬಂಧವನ್ನು ಬಿಟ್ಟು ಮೂರು ಕಿರು ಪ್ರಬಂಧಗಳನ್ನು ಕೇಳತೊಡಗಿತು. ಪ್ರಶ್ನೆಗಳು ಹೀಗೆ ಬದಲಾಗುತ್ತಿರುತ್ತವೆ. ಆದ್ದರಿಂದ ಹಳೆಯ ಮಾದರಿ ಉತ್ತರಗಳ ಪುಸ್ತಕ ನಂಬಿ ಕೂರುವಂತಿಲ್ಲ. ಜಿಮ್ಯಾಟ್ ಕೂಡ 2023ರ ನವೆಂಬರ್‌ನಲ್ಲಿ ಹೊಸ ರೂಪ ಪಡೆದಾಗ ಪರೀಕ್ಷೆಯೊಳಗಿನ ಪ್ರಬಂಧ ಭಾಗವನ್ನು ತೆಗೆದುಹಾಕಿತು. ಹಳೆ ಪುಸ್ತಕದಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ ದಪ್ಪ ಗೈಡುಗಳಲ್ಲಿ ಆ ಭಾಗಕ್ಕೆಂದೇ ಹತ್ತಾರು ಪುಟಗಳಿರುತ್ತವೆ. ಅವನ್ನು ಓದುತ್ತ ವಾರಗಳನ್ನು ಕಳೆಯದಿರಿ.

ಪ್ರಬಂಧವೆಂದರೆ ಏನನ್ನು ಬರೆಯುವುದು?

ಒಂದು ಕಾಲ್ಪನಿಕ ಉದಾಹರಣೆಯಿಂದ ವಿಷಯವನ್ನು ಬಿಡಿಸಿ ನೋಡೋಣ. ಬೊಮ್ಮಸಂದ್ರದಲ್ಲಿ ವಾಹನಗಳಿಗೆ ಪ್ಲಾಸ್ಟಿಕ್ ಬಿಡಿಭಾಗ ತಯಾರಿಸುವ ಒಂದು ಘಟಕ. ಅಲ್ಲಿ ಗುಣಮಟ್ಟ ವಿಭಾಗದಲ್ಲಿ ದುಡಿಯುವ ಎಂಜಿನಿಯರ್ ಒಬ್ಬ ತನ್ನ ಸಾಧನೆಯನ್ನು ಹೀಗೆ ಬರೆಯುತ್ತಾನೆ ಎನ್ನೋಣ: 'ವಿವಿಧ ವಿಭಾಗಗಳ ತಂಡವನ್ನು ಮುನ್ನಡೆಸಿ, ಉತ್ಪಾದನಾ ಪ್ರಕ್ರಿಯೆಯನ್ನು ಸುಧಾರಿಸಿ, ಕಂಪನಿಗೆ ಗಣನೀಯ ಉಳಿತಾಯ ತಂದೆನು.' ಇದರಲ್ಲಿ ಸುಳ್ಳಿಲ್ಲ. ಆದರೆ ಇದೇ ವಾಕ್ಯವನ್ನು ಪೀಣ್ಯದವನೂ ಬರೆಯಬಹುದು, ಪುಣೆಯವನೂ ಬರೆಯಬಹುದು. ಓದುವವರಿಗೆ ಇದರಿಂದ ಯಾವ ಮನುಷ್ಯನೂ ಕಾಣಿಸುವುದಿಲ್ಲ.

ನಡೆದುದೇನು ಎಂದು ಅವನನ್ನು ಕೂರಿಸಿ ಕನ್ನಡದಲ್ಲಿ ಕೇಳಿದರೆ ಬೇರೆಯದೇ ಕಥೆ ಹೊರಬರುತ್ತದೆ. ರಾತ್ರಿ ಪಾಳಿಯ ಮಾಲಿನಲ್ಲಿ ಬಿಳಿ ಗೆರೆಗಳು ಬಂದು, ನೂರಕ್ಕೆ ಎಂಟರಷ್ಟು ತಿರಸ್ಕೃತವಾಗುತ್ತಿತ್ತು. ಅಚ್ಚಿನಲ್ಲಿಯೇ ದೋಷವಿದೆ, ಹೊಸ ಅಚ್ಚು ಬೇಕು ಎಂದು ಎಲ್ಲರೂ ಹೇಳುತ್ತಿದ್ದರು. ಇವನು ಮೂರು ರಾತ್ರಿ ಯಂತ್ರದ ಪಕ್ಕದಲ್ಲೇ ನಿಂತ. ಪ್ಲಾಸ್ಟಿಕ್ ಹರಳುಗಳನ್ನು ಒಣಗಿಸುವ ಡ್ರೈಯರನ್ನು, ವಿದ್ಯುತ್ ಉಳಿಸಲೆಂದು, ಪಾಳಿ ಬದಲಾಗುವಾಗ ಆರಿಸಿಬಿಡುತ್ತಿದ್ದರು. ತೇವ ಉಳಿದ ಹರಳು ಬಿಸಿಯಾದಾಗ ಗೆರೆ ಮೂಡುತ್ತಿತ್ತು. ವಿದ್ಯುತ್ ಬಿಲ್ಲು ಒಬ್ಬ ಅಧಿಕಾರಿಯ ಹೊಣೆ, ತಿರಸ್ಕೃತ ಮಾಲು ಇನ್ನೊಬ್ಬರದು. ಇಬ್ಬರಿಗೂ ಆಜ್ಞೆ ಮಾಡುವ ಅಧಿಕಾರ ಇವನಿಗಿಲ್ಲ. ಎರಡು ಲೆಕ್ಕಗಳನ್ನೂ ಒಂದೇ ಹಾಳೆಯಲ್ಲಿ ಬರೆದು ಇಬ್ಬರ ಮುಂದೆ ಇಟ್ಟ. ತಿರಸ್ಕಾರ ನೂರಕ್ಕೆ ಮೂರಕ್ಕೆ ಇಳಿಯಿತು. ಇಷ್ಟೆಲ್ಲ ಆದ ಮೇಲೆ ಯಂತ್ರ ನಡೆಸುವ ಗುತ್ತಿಗೆ ಕಾರ್ಮಿಕನೊಬ್ಬ ಹೇಳಿದ: 'ಇದು ನನಗೆ ಆರು ತಿಂಗಳಿಂದ ಗೊತ್ತಿತ್ತು ಸಾರ್, ಯಾರೂ ಕೇಳಲಿಲ್ಲ.'

ಪ್ರಬಂಧ ಇರುವುದು ಆ ಕೊನೆಯ ಮಾತಿನಲ್ಲಿ. ತಿಳಿದವನೊಬ್ಬ ಯಂತ್ರದ ಮುಂದೆಯೇ ನಿಂತಿದ್ದಾಗ ಕಂಪನಿ ಹೊಸ ಅಚ್ಚಿಗೆ ಹಣ ಹುಡುಕುತ್ತಿತ್ತು. ಹೀಗೇಕಾಗುತ್ತದೆ, ಇದನ್ನು ಬದಲಿಸಲು ಏನು ಕಲಿಯಬೇಕು ಎಂಬ ಪ್ರಶ್ನೆ ಹುಟ್ಟಿದವನಿಗೆ ಎಂಬಿಎ ಏಕೆ ಎಂದು ಬೇರೆಯಾಗಿ ಹೇಳಿಕೊಡಬೇಕಿಲ್ಲ. ಓದುವ ಸಮಿತಿಗೂ ಅಷ್ಟೇ. ಎಷ್ಟು ಲಕ್ಷ ಉಳಿಯಿತು ಎಂಬುದಕ್ಕಿಂತ ಅಧಿಕಾರವಿಲ್ಲದೆಯೂ ಇವನು ಇಬ್ಬರನ್ನು ಒಪ್ಪಿಸಿದ್ದು, ಮೂರನೆಯವನ ಮಾತನ್ನು ತಡವಾಗಿಯಾದರೂ ಕೇಳಿಸಿಕೊಂಡದ್ದು ಮುಖ್ಯವಾಗಿ ಕಾಣುತ್ತದೆ.

ಸಾಫ್ಟ್‌ವೇರ್ ಕಚೇರಿಯವರು ತಮ್ಮಲ್ಲಿ ಇಂಥ ಕಥೆ ಇಲ್ಲವೆಂದು ಕೊರಗುವುದುಂಟು. ತಪ್ಪು ತಿಳಿವಳಿಕೆ. ರಾತ್ರಿ ಎರಡು ಗಂಟೆಗೆ ಪರದೇಶದ ಬ್ಯಾಂಕೊಂದರ ವ್ಯವಸ್ಥೆ ಕೆಟ್ಟು ನಿಂತಾಗ ಯಾರಿಗೆ ಮೊದಲು ಫೋನು ಮಾಡಿದಿರಿ, ಗ್ರಾಹಕರಿಗೆ ಯಾವುದನ್ನು ಹೇಳಿದಿರಿ, ಯಾವುದನ್ನು ಹೇಳಲು ಮೇಲಿನವರು ಬೇಡವೆಂದರು, ಆಗ ನೀವೇನು ಮಾಡಿದಿರಿ? ಭಾರತದ ಎಂಜಿನಿಯರುಗಳ ಅರ್ಜಿಗಳು ರಾಶಿ ರಾಶಿಯಾಗಿ ಬರುತ್ತವೆ, ಅವೆಲ್ಲ ಒಂದೇ ತೆರನಾಗಿರುತ್ತವೆ ಎಂಬ ದೂರು ಹಳೆಯದು. ಅವರು ಬರೆದುಕೊಳ್ಳುವ ರೀತಿ ಒಂದೇ ತೆರ ಎನ್ನುವುದು ಹೆಚ್ಚು ಸರಿ.

ಆದ್ದರಿಂದ ಮೊದಲ ಕರಡನ್ನು ಕನ್ನಡದಲ್ಲಿ ಬರೆಯಿರಿ, ಅಥವಾ ಮನೆಯಲ್ಲಿ ಆಡುವ ಯಾವುದೇ ಭಾಷೆಯಲ್ಲಿ. ಅಮ್ಮನಿಗೆ ಹೇಳುವಂತೆ ಬರೆಯಿರಿ. ಏನಾಯಿತು, ಯಾರು ಏನೆಂದರು, ನೀವೇಕೆ ಹಾಗೆ ಮಾಡಿದಿರಿ ಎಂಬುದು ಸ್ಪಷ್ಟವಾದ ಮೇಲೆ ಇಂಗ್ಲಿಷಿಗೆ ಹೋಗಿ. ಪದಕ್ಕೆ ಪದ ಅನುವಾದಿಸುವುದು ಬೇಡ. ಕಥೆ ಕೈಗೆ ಸಿಕ್ಕಿದ ಮೇಲೆ ಅದನ್ನು ಸರಳ ಇಂಗ್ಲಿಷಿನಲ್ಲಿ ಹೊಸದಾಗಿ ಬರೆಯಿರಿ. ಚಿಕ್ಕ ವಾಕ್ಯಗಳಿಗೆ ಯಾವ ಶಾಲೆಯೂ ಅಂಕ ಕಳೆಯುವುದಿಲ್ಲ.

ಊರೇ ಪಠ್ಯಪುಸ್ತಕ

ಈ ಹೆದ್ದಾರಿಯ ಅಭ್ಯರ್ಥಿಗಳು ಮರೆಯುವ ಇನ್ನೊಂದು ಸಂಪತ್ತಿದೆ. ಡಾ. ದೇವಿ ಶೆಟ್ಟಿಯವರು 2000ದಲ್ಲಿ ಬೊಮ್ಮಸಂದ್ರದಲ್ಲಿ ಆರಂಭಿಸಿದ ನಾರಾಯಣ ಹೃದಯಾಲಯದ ಬಗ್ಗೆ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ 2005ರಲ್ಲಿ ಅಧ್ಯಯನ ಪ್ರಕರಣವೊಂದನ್ನು ಪ್ರಕಟಿಸಿತು. ಪ್ರೊ. ತರುಣ್ ಖನ್ನಾ, ಪ್ರೊ. ಕಸ್ತೂರಿ ರಂಗನ್ ಅದರ ಲೇಖಕರಲ್ಲಿ ಇಬ್ಬರು. ಬಡವರಿಗೂ ಎಟಕುವ ದರದಲ್ಲಿ ಹೃದಯ ಶಸ್ತ್ರಚಿಕಿತ್ಸೆಯನ್ನು ಹೇಗೆ ಮಾಡಲು ಸಾಧ್ಯ, ಶಸ್ತ್ರಚಿಕಿತ್ಸೆಗಳ ಸಂಖ್ಯೆ ಹೆಚ್ಚಿದಂತೆ ಪ್ರತಿಯೊಂದರ ವೆಚ್ಚ ಹೇಗೆ ಇಳಿಯುತ್ತದೆ ಎಂಬುದು ಅದರ ವಿಷಯ. ಸಹಕಾರ ಸಂಘಗಳ ರೈತರಿಗಾಗಿ ತಿಂಗಳಿಗೆ 5 ರೂಪಾಯಿ ವಂತಿಗೆಯೊಂದಿಗೆ ಆರಂಭವಾದ ಯಶಸ್ವಿನಿ ಯೋಜನೆಯ ಹಿಂದೆಯೂ ಡಾ. ಶೆಟ್ಟಿಯವರ ಪಾತ್ರವಿತ್ತು. ಬಾಸ್ಟನ್ನಿನ ತರಗತಿಯಲ್ಲಿ ವಿದ್ಯಾರ್ಥಿಗಳು ಚರ್ಚಿಸುವ ಆಸ್ಪತ್ರೆಯ ಮುಂದೆ ಚಂದಾಪುರದವರು ದಿನವೂ ಬಸ್ಸಿನಲ್ಲಿ ಹಾದುಹೋಗುತ್ತಾರೆ. ಆದರೂ 'ನೀವು ಮೆಚ್ಚುವ ಸಂಸ್ಥೆ ಯಾವುದು' ಎಂಬ ಪ್ರಶ್ನೆ ಬಂದೊಡನೆ ಕ್ಯಾಲಿಫೋರ್ನಿಯಾದ ಕಂಪನಿಯ ಹೆಸರೇ ನಾಲಗೆಗೆ ಬರುತ್ತದೆ.

ಊರು ಕಲಿಸುವುದು ಹೆಮ್ಮೆಯ ಪಾಠವನ್ನಷ್ಟೇ ಅಲ್ಲ. 2022ರ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಚಂದಾಪುರ ಕೆರೆಯ ಮಾಲಿನ್ಯವನ್ನು ತಡೆಯಲಿಲ್ಲವೆಂದು ರಾಜ್ಯ ಸರ್ಕಾರದ ಮೇಲೆ 500 ಕೋಟಿ ರೂಪಾಯಿ ಪರಿಹಾರದ ಹೊಣೆ ಹೊರಿಸಿತು. ಕಾರ್ಖಾನೆಗಳ ತ್ಯಾಜ್ಯ, ಊರಿನ ಚರಂಡಿ ನೀರು, ಎರಡೂ ಸೇರಿ ಕೆಟ್ಟ ಕೆರೆ ಅದು. ಈಗ ಯೋಚಿಸಿ. ಹಾನಿ ಮಾಡಿದವರು ಹಲವರು, ದಂಡ ತೆರಬೇಕಾದದ್ದು ತೆರಿಗೆದಾರರ ಖಜಾನೆ. ಇದು ನ್ಯಾಯವೇ? ಶುದ್ಧೀಕರಣ ಘಟಕ ನಡೆಸುವ ಸಣ್ಣ ಕಾರ್ಖಾನೆಗೆ ನಡೆಸದವನೊಡನೆ ಬೆಲೆಯಲ್ಲಿ ಪೈಪೋಟಿ ಮಾಡಲಾದೀತೇ? ವ್ಯವಹಾರ ನೀತಿ, ಸಾರ್ವಜನಿಕ ಹಣಕಾಸು, ಸಣ್ಣ ಉದ್ಯಮದ ಲಾಭ-ನಷ್ಟ, ಎಲ್ಲವೂ ಈ ಒಂದು ಕೆರೆಯೊಳಗಿವೆ. 'ಸುಸ್ಥಿರ ಅಭಿವೃದ್ಧಿಯಲ್ಲಿ ನನಗೆ ತೀವ್ರ ಆಸಕ್ತಿ' ಎಂದು ಪ್ರಬಂಧದಲ್ಲಿ ಬರೆದು, ತನ್ನ ಮನೆಯ ಹತ್ತಿರದ ಈ ಕೆರೆಯ ಸಂಗತಿ ತಿಳಿಯದವನನ್ನು ಸಂದರ್ಶಕರು ಒಂದೇ ಪ್ರಶ್ನೆಯಲ್ಲಿ ನಿಲ್ಲಿಸಿಬಿಡಬಲ್ಲರು.

ಎಲೆಕ್ಟ್ರಾನಿಕ್ ಸಿಟಿ ಹುಟ್ಟಿದ್ದು ಹೇಗೆ, ಕಿಯೋನಿಕ್ಸ್‌ನ ಆರ್.ಕೆ. ಬಾಳಿಗರು 1970ರ ದಶಕದಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಹೊಲಗಳಲ್ಲಿ ಏನನ್ನು ಕಂಡರು ಎಂಬುದನ್ನೂ ಓದಿಕೊಳ್ಳಿ. 2010ರಲ್ಲಿ ಮೇಲ್ಸೇತುವೆ ಬಂದಿತು. ಬೊಮ್ಮಸಂದ್ರದವರೆಗಿನ ಮೆಟ್ರೊ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಷ್ಟೇ ಆರಂಭವಾಯಿತು. ಈ ನಡುವಿನ ವರ್ಷಗಳಲ್ಲಿ ಇಲ್ಲಿನ ನೌಕರರು ರಸ್ತೆಯಲ್ಲಿ ಕಳೆದ ಹೊತ್ತಿನ ಬೆಲೆ ಎಷ್ಟು? ಲಿಖಿತ ಸಾಮರ್ಥ್ಯ ಪರೀಕ್ಷೆಯಲ್ಲಿ ನಗರೀಕರಣದ ಬಗ್ಗೆ ಬರೆಯೆಂದರೆ, ಪತ್ರಿಕೆಗಳ ಸಾಮಾನ್ಯ ಮಾತುಗಳಿಗಿಂತ ಇಂಥ ಕಣ್ಣಾರೆ ಕಂಡ ಸಂಗತಿಗೆ ತೂಕ ಹೆಚ್ಚು.

ಬರೆದುಕೊಡುವವರು ಬೇಕೇ?

ಪ್ರಬಂಧ ಬರೆದುಕೊಡುತ್ತೇವೆ, ತಿದ್ದಿಕೊಡುತ್ತೇವೆ ಎನ್ನುವ ಸಲಹೆಗಾರರಿಗೆ ಬೆಂಗಳೂರಿನಲ್ಲಿ ಬರವಿಲ್ಲ. ತಿದ್ದಿಸಿಕೊಳ್ಳುವುದರಲ್ಲಿ ದೋಷವಿಲ್ಲ. ಓದಿ 'ಇಲ್ಲಿ ನೀನು ಕಾಣಿಸುತ್ತಿಲ್ಲ' ಎಂದು ಹೇಳಬಲ್ಲ ಒಬ್ಬ ಸ್ನೇಹಿತ, ಒಬ್ಬ ಹಳೆಯ ಮೇಷ್ಟ್ರು ಸಾಕು. ಬರೆಸಿಕೊಳ್ಳುವುದು ಮಾತ್ರ ಅಪಾಯ. ಈಗ ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳಿಂದ ಬರೆಸುವ ಚಾಳಿಯೂ ಸೇರಿಕೊಂಡಿದೆ. ಅನೇಕ ಶಾಲೆಗಳು ಇದರ ಬಗ್ಗೆ ನಿಯಮ ರೂಪಿಸಿವೆ. ಅರ್ಜಿಯ ಕೊನೆಯಲ್ಲಿ ನೀವು ಸಹಿ ಮಾಡುವ ಘೋಷಣೆಯನ್ನು ಓದಿ ನೋಡಿ. ಇನ್ನು ಸಂಬಳ, ಹುದ್ದೆ, ಅವಧಿಗಳನ್ನು ಹಿಗ್ಗಿಸಿ ಬರೆಯುವುದಂತೂ ಬೇಡವೇ ಬೇಡ. ಪ್ರಮುಖ ಶಾಲೆಗಳು ಸೀಟು ಕೊಟ್ಟ ಮೇಲೂ ದಾಖಲೆಗಳ ಪರಿಶೀಲನೆ ಮಾಡಿಸುತ್ತವೆ, ಸುಳ್ಳು ಕಂಡರೆ ಸೀಟು ರದ್ದಾಗುತ್ತದೆ. ಅಷ್ಟರಲ್ಲಿ ಅಭ್ಯರ್ಥಿ ಕೆಲಸಕ್ಕೆ ರಾಜೀನಾಮೆ ನೀಡಿ, ಇಪ್ಪತ್ತು ಲಕ್ಷ ದಾಟುವ ಶುಲ್ಕಕ್ಕೆ ಅಪ್ಪನ ಹೆಸರಿನಲ್ಲಿರುವ ಜಮೀನಿನ ಪಹಣಿ ಹಿಡಿದು ಬ್ಯಾಂಕಿಗೆ ಅಲೆದಾಡಿರುತ್ತಾನೆ. ಕಳೆದುಕೊಳ್ಳುವುದು ಒಂದು ಸೀಟಿಗಿಂತ ಬಹಳ ದೊಡ್ಡದು.

ಶಿಫಾರಸು ಪತ್ರದ ವಿಷಯದಲ್ಲಿ ಎರಡೇ ಮಾತು. ಕಂಪನಿಯ ಉಪಾಧ್ಯಕ್ಷರ ಹೆಸರಿಗೆ ಆಸೆಪಡದೆ, ನಿಮ್ಮ ಕೆಲಸವನ್ನು ದಿನವೂ ಕಂಡ ಮ್ಯಾನೇಜರನ್ನೇ ಕೇಳಿ. 'ನೀನೇ ಬರೆದು ತಾ, ನಾನು ಸಹಿ ಮಾಡುತ್ತೇನೆ' ಎಂದು ಅವರೆಂದರೆ ವಿನಯದಿಂದ ನಿರಾಕರಿಸಿ, ನೀವು ಮಾಡಿದ ಕೆಲಸಗಳ ಪಟ್ಟಿಯನ್ನಷ್ಟೇ ಕೊಡಿ.

ಸಂದರ್ಶನದ ಕೋಣೆಯಲ್ಲಿ

ಶಾಲೆಯಿಂದ ಶಾಲೆಗೆ ಸಂದರ್ಶನದ ಬಗೆ ಬೇರೆ. ಹಾರ್ವರ್ಡ್‌ನಲ್ಲಿ ಅರ್ಜಿಯನ್ನು ಪೂರ್ತಿ ಓದಿಕೊಂಡ ಪ್ರವೇಶ ಮಂಡಳಿಯವರೇ ಅರ್ಧ ಗಂಟೆ ಮಾತನಾಡಿಸುತ್ತಾರೆ. ಇನ್ಸಿಯಾಡ್ ತನ್ನ ಹಳೆಯ ವಿದ್ಯಾರ್ಥಿಗಳಿಂದ ಸಂದರ್ಶನ ಮಾಡಿಸುತ್ತದೆ. ವಾರ್ಟನ್ ಹಲವರನ್ನು ಒಟ್ಟಿಗೆ ಕೂರಿಸಿ ಒಂದು ಸಮಸ್ಯೆ ಕೊಡುತ್ತದೆ. ಐಐಎಂಗಳಲ್ಲಿ ಪ್ರಾಧ್ಯಾಪಕರೂ ಕೂತಿರುವ ಸಮಿತಿ. ಅಲ್ಲಿ ಎಂಜಿನಿಯರಿಂಗ್ ಪದವಿಯ ಪಾಠಗಳನ್ನೂ ಕೆದಕುತ್ತಾರೆ. ನಿಮಗೆ ಇಷ್ಟವಾದ ವಿಷಯ ಯಾವುದು ಎಂಬ ಪ್ರಶ್ನೆ ಸಲುಗೆಯದಂತೆ ಕಂಡರೂ ಅದು ಬಾಗಿಲು. ಯಾವ ಹೆಸರು ಹೇಳಿದಿರೋ ಅದರೊಳಕ್ಕೇ ಕರೆದೊಯ್ಯುತ್ತಾರೆ. ಎರಡು ವಿಷಯಗಳನ್ನಾದರೂ ಬುಡದಿಂದ ಮತ್ತೆ ಓದಿಕೊಂಡಿರಬೇಕು.

ಆದರೆ ಹೆಚ್ಚಿನ ಪ್ರಶ್ನೆಗಳು ಹುಟ್ಟುವುದು ನೀವು ಬರೆದುದರಿಂದಲೇ. ಮೇಲಿನ ಉದಾಹರಣೆಗೇ ಮರಳೋಣ. ಡ್ರೈಯರಿನ ಕಥೆ ಹೇಳಿದ ಎಂಜಿನಿಯರಿಗೆ ಎದುರಾಗಬಹುದಾದ ಪ್ರಶ್ನೆಗಳನ್ನು ನೋಡಿ. ವಿದ್ಯುತ್ ಖರ್ಚು ಎಷ್ಟು ಏರಿತು? ತಿರಸ್ಕೃತ ಮಾಲನ್ನು ಪುಡಿ ಮಾಡಿ ಮತ್ತೆ ಬಳಸುತ್ತಿದ್ದರೇ, ಹಾಗಾದರೆ ನಿಜವಾದ ನಷ್ಟವೆಷ್ಟು? ಉಳಿತಾಯದಲ್ಲಿ ಆ ಗುತ್ತಿಗೆ ಕಾರ್ಮಿಕನಿಗೆ ಏನು ಸಿಕ್ಕಿತು? ಈ ಕೊನೆಯ ಪ್ರಶ್ನೆಗೆ 'ಏನೂ ಸಿಗಲಿಲ್ಲ' ಎಂಬುದೇ ನಿಜವಾದ ಉತ್ತರವಾಗಿರಬಹುದು. ಆಗ ಹಾಗೆಯೇ ಹೇಳಬೇಕು. ಗುತ್ತಿಗೆದಾರನ ಮೂಲಕ ಬರುವ ಕಾರ್ಮಿಕನಿಗೆ ಕಂಪನಿ ನೇರವಾಗಿ ಬಹುಮಾನ ಕೊಡಲು ಏನು ಅಡ್ಡಿ, ನೀವು ಮ್ಯಾನೇಜರ್ ಆಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಸಂಭಾಷಣೆ ಮುಂದುವರಿಯುತ್ತದೆ. ಅವನಿಗೆ ಬಹುಮಾನ ಕೊಡಿಸಿದೆ ಎಂದು ಅಲ್ಲೇ ಒಂದು ಸುಳ್ಳು ಹೆಣೆದರೆ, ಎಷ್ಟು ಕೊಟ್ಟರು, ಯಾವ ಲೆಕ್ಕದಿಂದ ಕೊಟ್ಟರು ಎಂಬ ಮುಂದಿನ ಪ್ರಶ್ನೆಯಲ್ಲೇ ಅದು ಬಿಚ್ಚಿಕೊಳ್ಳುತ್ತದೆ.

ಸಿದ್ಧತೆಗೆ ಒಂದು ಸರಳ ಉಪಾಯ. ನಿಮ್ಮ ಅರ್ಜಿಯ ಪ್ರತಿಯನ್ನು ಮುದ್ರಿಸಿ, ಪ್ರತಿ ಸಾಲಿನ ಪಕ್ಕದಲ್ಲಿ ಏಕೆ, ಎಷ್ಟು, ನಿನ್ನ ಪಾಲೆಷ್ಟು ಎಂಬ ಮೂರು ಪ್ರಶ್ನೆ ಬರೆಯಿರಿ. ಉತ್ತರ ಹೊಳೆಯದ ಸಾಲನ್ನು, ಕಳುಹಿಸುವ ಮುನ್ನವೇ ಆದರೆ, ಹೊಡೆದುಹಾಕಿ. ಉತ್ತರಗಳನ್ನು ಬಾಯಿಪಾಠ ಮಾಡಬೇಡಿ. ಕೋಣೆಯಲ್ಲಿ ಯಾವನಾದರೂ ಸ್ನೇಹಿತನನ್ನು ಎದುರು ಕೂರಿಸಿಕೊಂಡು, ಗಟ್ಟಿಯಾಗಿ, ಬೇರೆ ಬೇರೆ ಮಾತುಗಳಲ್ಲಿ ಹೇಳಿ ಅಭ್ಯಾಸ ಮಾಡಿ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಈ ಗಟ್ಟಿಯಾಗಿ ಹೇಳುವ ಅಭ್ಯಾಸ ವ್ಯಾಕರಣ ಪುಸ್ತಕಕ್ಕಿಂತ ಹೆಚ್ಚು ನೆರವಾಗುತ್ತದೆ. ಮಾತಿನ ನಡುವೆ ಪದ ಸಿಗದಿದ್ದರೆ ನಿಂತು ಯೋಚಿಸಿ. ಸಮಿತಿಯವರು ಕಾಯುತ್ತಾರೆ. ತಿಳಿಯದ್ದನ್ನು ತಿಳಿಯದೆಂದು ಒಪ್ಪಿಕೊಂಡವನಿಗೆ ಮುಂದಿನ ಪ್ರಶ್ನೆ ಬರುತ್ತದೆ, ಊಹೆಯ ಮೇಲೆ ಊಹೆ ಕಟ್ಟಿದವನಿಗೆ ಅದೇ ಪ್ರಶ್ನೆ ಇನ್ನೂ ಆಳವಾಗಿ ಬರುತ್ತದೆ.

ಕಡತದಲ್ಲಿ ಇರಬೇಕಾದದ್ದು

ಕೊನೆಗೆ ಕಾಗದಪತ್ರಗಳ ಮಾತು, ಇದರಲ್ಲೇ ಅನೇಕರು ಸೋಲುವುದರಿಂದ. ಐಐಎಂಗಳಲ್ಲಿ ಪರಿಶಿಷ್ಟ ಜಾತಿಗೆ ಶೇ. 15, ಪರಿಶಿಷ್ಟ ಪಂಗಡಕ್ಕೆ ಶೇ. 7.5, ಕೆನೆಪದರಕ್ಕೆ ಸೇರದ ಇತರೆ ಹಿಂದುಳಿದ ವರ್ಗಗಳಿಗೆ ಶೇ. 27, ಆರ್ಥಿಕವಾಗಿ ದುರ್ಬಲ ವರ್ಗಕ್ಕೆ ಶೇ. 10ರವರೆಗೆ ಮೀಸಲಾತಿ ಇದೆ. ಹಿಂದುಳಿದ ವರ್ಗದವರು ಇಲ್ಲಿ ಎಚ್ಚರ ವಹಿಸಬೇಕು. ಸಿಇಟಿ ಕಾಲದಲ್ಲಿ ಮಾಡಿಸಿದ 2ಎ, 3ಬಿ ಮುಂತಾದ ರಾಜ್ಯ ಪ್ರವರ್ಗಗಳ ಪ್ರಮಾಣಪತ್ರ ಇಲ್ಲಿ ನಡೆಯದು. ನಿಮ್ಮ ಜಾತಿ ಕೇಂದ್ರ ಸರ್ಕಾರದ ಪಟ್ಟಿಯಲ್ಲಿರಬೇಕು, ಪ್ರಮಾಣಪತ್ರವೂ ಕೇಂದ್ರದ ನಮೂನೆಯಲ್ಲೇ, ಆ ವರ್ಷದ ಪ್ರಕಟಣೆಯಲ್ಲಿ ಹೇಳಿದ ದಿನಾಂಕದ ನಂತರದ್ದೇ ಆಗಿರಬೇಕು. ಹೋಬಳಿಯ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು, ಪರಿಶೀಲನೆ ಮುಗಿದು, ತಹಶೀಲ್ದಾರರ ಸಹಿಯಾಗಿ ಬರಲು ವಾರಗಳು ಹಿಡಿಯಬಹುದು. ಊರು ಬೇರೆ ತಾಲ್ಲೂಕಿನಲ್ಲಿದ್ದು ಬಾಡಿಗೆ ಮನೆ ಚಂದಾಪುರದಲ್ಲಿರುವವರು ಈ ಕೆಲಸಕ್ಕೆ ಸ್ವಂತ ಊರಿಗೇ ಹೋಗಬೇಕಾದೀತು. ಕ್ಯಾಟ್ ಅರ್ಜಿ ತುಂಬುವ ಆಗಸ್ಟ್-ಸೆಪ್ಟೆಂಬರ್‌ನಲ್ಲಿಯೇ, ಸಾಲಾಗಿ ಎರಡು ದಿನ ರಜೆ ಸಿಕ್ಕಾಗ, ಇದನ್ನು ಮುಗಿಸಿಕೊಳ್ಳುವುದು ಒಳಿತು. ಈಗಿನ ಕಂಪನಿಯ ಸಂಬಳ ಚೀಟಿಗಳು, ಹಿಂದಿನ ಕಂಪನಿಗಳ ಅನುಭವ ಪತ್ರಗಳು, ಎಲ್ಲ ಸೆಮಿಸ್ಟರುಗಳ ಅಂಕಪಟ್ಟಿಗಳು ಇದೇ ಕಡತದಲ್ಲಿರಲಿ. ಸಂದರ್ಶನ ಎಲ್ಲಿ, ಎಷ್ಟು ಗಂಟೆಗೆ, ಖುದ್ದಾಗಿಯೋ ಆನ್‌ಲೈನಿನಲ್ಲಿಯೋ ಎಂಬುದನ್ನು ಕರೆ ಪತ್ರದಲ್ಲಿ ಎರಡು ಬಾರಿ ಓದಿಕೊಳ್ಳಿ. ಬಿಳೇಕಹಳ್ಳಿಗೇ ಹೋಗಬೇಕಾದರೆ ಬೊಮ್ಮಸಂದ್ರದಿಂದ ಮೆಟ್ರೊದಲ್ಲಿ ಜಯದೇವ ಆಸ್ಪತ್ರೆ ನಿಲ್ದಾಣಕ್ಕೆ ಬಂದು, ಅಲ್ಲಿಂದ ಬನ್ನೇರುಘಟ್ಟ ರಸ್ತೆಯ ಬಸ್ಸು ಹಿಡಿಯಬಹುದು.